ವಿಮಾನ ನೌಕರರ ಪಾಸು: ಕೊಡುಗೆಯೋ, ಆಯವೋ?

ಹೊಸರಿತ್ತಿಯ ಹೆಸರೆತ್ತಿದೊಡನೆ ಕನ್ನಡಿಗರ ನೆನಪು ೧೯೪೩ನೆಯ ಇಸವಿಯ ಏಪ್ರಿಲ್ ೧ರತ್ತ ಹೊರಳುವದು ಸಹಜ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಇಬ್ಬರು ಸಂಗಡಿಗರೊಡನೆ ದೇಹವಿಟ್ಟದ್ದು ಇದೇ ಊರಿನಲ್ಲಿ. ಇಂದು ನಾವು ಈ ಊರನ್ನು ನೆನೆಯುತ್ತಿರುವದು ಅದಕ್ಕಿಂತ ಬಹಳ ಸಣ್ಣದಾದ, ಆದರೆ ನ್ಯಾಯದೃಷ್ಟಿಯುಳ್ಳವರು ಅಲಕ್ಷಿಸಬಾರದ ಬೇರೊಂದು ವಿಷಯಕ್ಕಾಗಿ.

ವರದಾ ತೀರದ ಈ ಊರಿನಲ್ಲಿಯೂ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಸೀಮೆಯ ಇತರ ಹಳ್ಳಿಗಳಲ್ಲಿಯೂ ಹಿಂದೆ ಆಯದ ಪದ್ಧತಿಯು ನಡೆದುಕೊಂಡು ಬಂದದ್ದನ್ನು ಹಿರಿಯ ವಾಚಕರು ಬಲ್ಲರು. ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿಗ ಇವರೆಲ್ಲ ವರ್ಷವಿಡೀ ಒಕ್ಕಲಿಗನ ಕೆಲಸ ಮಾಡಿಕೊಡುವರು; ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳನ್ನು ಅಳೆಯಿಸಿಕೊಂಡು ಹೋಗುವರು. ಅದು ಭಿಕ್ಷೆಯಲ್ಲ, ಕೈಗೆ ಎಣಿಸಿ ಕೊಟ್ಟ ಕೂಲಿಯೂ ಅಲ್ಲ. ಅದು ವಾಡಿಕೆಯಿಂದ ಹುಟ್ಟಿದ ಹಕ್ಕು. ಹೊಲವು ಒಬ್ಬನಿಂದ ಒಬ್ಬನಿಗೆ ಮಾರಾಟವಾದಾಗ, “ಆಯ ಕೊಡುತ್ತಿದ್ದವನು ಹಳೆಯ ಧಣಿ, ನಾನಲ್ಲ” ಎಂದು ಹೊಸ ಧಣಿಯು ಹೇಳಿದರೆ ಊರು ಅದನ್ನು ಒಪ್ಪುತ್ತಿರಲಿಲ್ಲ.

ಈ ಹಳೆಯ ಮಾತನ್ನು ಇಲ್ಲಿ ತೆಗೆಯುವದಕ್ಕೆ ಕಾರಣವುಂಟು. ನಮ್ಮ ದೇಶದ ವಿಮಾನ ಸಂಸ್ಥೆಗಳು ಕೆಲವು ವರ್ಷಗಳಿಂದ ಒಂದರೊಳಗೊಂದು ಸೇರುತ್ತಲಿವೆ. ಹೀಗೆ ಮನೆಗಳು ಕೂಡಿದಾಗಲೆಲ್ಲ ನೌಕರವರ್ಗದಲ್ಲಿ ಅಸಮಾಧಾನದ ಹೊಗೆಯೇಳುತ್ತದೆ. ಅದರ ಕಾರಣಗಳಲ್ಲಿ ಪಗಾರ, ಬಡತಿ, ದುಡಿಮೆಯ ತಾಸುಗಳು ಮುಖ್ಯವಾದವುಗಳೆಂಬುದು ನಿಜ. ಆದರೆ ಅವುಗಳ ಬೆನ್ನಿಗೇ ಹೊರಗಿನವರಿಗೆ ಕ್ಷುಲ್ಲಕವೆಂದು ತೋರುವ ಇನ್ನೊಂದು ಕಾರಣವಿರುತ್ತದೆ. ಅದು ಪ್ರವಾಸದ ಪಾಸು.

ಪಾಸೆಂದರೇನು? ವಿಮಾನ ಸಂಸ್ಥೆಯ ನೌಕರನಿಗೂ ಅವನ ಮನೆಯವರಿಗೂ ತನ್ನ ವಿಮಾನಗಳಲ್ಲಿ ಉಚಿತವಾಗಿ ಅಥವಾ ಅಲ್ಪ ದರದಲ್ಲಿ ಪ್ರವಾಸ ಮಾಡಗೊಡುವದು ಜಗತ್ತಿನ ಬಹುತೇಕ ಸಂಸ್ಥೆಗಳ ರೂಢಿ. ಇದರಲ್ಲಿ ಎರಡು ಬಗೆಗಳುಂಟು. ಮೊದಲನೆಯದರಲ್ಲಿ ಆಸನವು ಹಣ ಕೊಟ್ಟ ಪ್ರವಾಸಿಕನದರಂತೆ ಮೊದಲೇ ನಿಶ್ಚಯವಾಗಿರುತ್ತದೆ. ಎರಡನೆಯದರಲ್ಲಿ, ಹಣ ಕೊಟ್ಟವರೆಲ್ಲ ಕುಳಿತಾದ ಮೇಲೆ ಜಾಗವುಳಿದಿದ್ದರೆ ಮಾತ್ರ ನೌಕರನು ಏರಬಹುದು. ಸಂಸ್ಥೆಗೆ ಇದರಿಂದಾಗುವ ವೆಚ್ಚವು ಬಹಳಿಲ್ಲ. ಹಾರಿಹೋದ ವಿಮಾನದ ಬರಿದಾದ ಆಸನವು ಸಂತೆ ಮುಗಿದ ಮೇಲಿನ ಬಾಡಿದ ಸೊಪ್ಪಿನಂತೆ. ಅದನ್ನು ನಾಳೆಗೆ ಇಟ್ಟು ಮಾರಲಾಗದು. ಆದರೆ ಅದೇ ಆಸನಕ್ಕೆ ನೌಕರನ ಮನೆಯಲ್ಲಿ ಬಹಳ ಬೆಲೆಯುಂಟು.

ಹೊಸರಿತ್ತಿಯ ಒಕ್ಕಲುತನದ ಮನೆಯ ತರುಣನೊಬ್ಬನು ದಿಲ್ಲಿಯ ನಿಲ್ದಾಣದಲ್ಲಿ ಯಾವುದೋ ಒಂದು ವಿಮಾನ ಸಂಸ್ಥೆಯ ನೌಕರಿಯಲ್ಲಿದ್ದಾನೆಂದು ಭಾವಿಸೋಣ. ಅವನ ಪಗಾರವು ದಿಲ್ಲಿಯ ಬಾಡಿಗೆಗೂ ಮಕ್ಕಳ ಶಾಲೆಗೂ ಸರಿಹೋಗುತ್ತದೆ. ಊರಿನಲ್ಲಿ ತಾಯಿತಂದೆಗಳು ವೃದ್ಧರು. ಅವನು ಈ ನೌಕರಿಗೆ ಸೇರುವಾಗ, ಇದಕ್ಕಿಂತ ಹೆಚ್ಚು ಪಗಾರದ ಬೇರೆ ನೌಕರಿಯನ್ನು ಬಿಟ್ಟಿರಲೂಬಹುದು. ಏಕೆಂದರೆ ಊರಿನಿಂದ ಕರೆ ಬಂದರೆ ಬೆಂಗಳೂರಿನವರೆಗೆ ಪಾಸಿನ ಮೇಲೆ ಹಾರಿ, ರಾತ್ರಿಯ ರೈಲಿನಿಂದ ಬೆಳಗಾಗುವಷ್ಟರಲ್ಲಿ ಹಾವೇರಿಯಲ್ಲಿಳಿಯಬಹುದೆಂಬ ಧೈರ್ಯ ಅವನಿಗಿತ್ತು. ಈಗ ಅವನ ಸಂಸ್ಥೆಯು ಮತ್ತೊಂದರೊಡನೆ ಕೂಡಿತೆನ್ನಿರಿ. ನಿಶ್ಚಿತ ಆಸನವಿದ್ದಲ್ಲಿ “ಜಾಗವಿದ್ದರೆ” ಎಂಬ ಷರತ್ತು ಬಂದಿತು. ತಾಯಿತಂದೆಗಳ ಹೆಸರಿಗಿದ್ದ ಟಿಕೇಟುಗಳ ಸಂಖ್ಯೆ ಇಳಿಯಿತು. ಹದಿನೈದು ವರ್ಷದ ಸೇವೆಗೆ ಸಿಗುತ್ತಿದ್ದ ಅಗ್ರಸ್ಥಾನವು ಹೋಗಿ, ಯಾರು ಮೊದಲು ಹೆಸರು ಬರೆಯಿಸುವರೋ ಅವರೇ ಮೊದಲೆಂದಾಯಿತು. ತಂದೆಗೆ ಬೇನೆಯೆಂದು ತಂತಿಯಂತೆ ಸುದ್ದಿ ಬಂದ ದಿನ ಅವನು ಒಂದರ ಹಿಂದೊಂದು ವಿಮಾನವು ತುಂಬಿ ಹೋಗುವದನ್ನು ನೋಡುತ್ತ ನಿಲ್ದಾಣದಲ್ಲಿ ಕುಳಿತಿರಬೇಕು. ಈ ಮಾರ್ಪಾಟುಗಳೆಲ್ಲ ಒಂದೇ ಸಂಸ್ಥೆಯಲ್ಲಿ ಒಮ್ಮೆಲೇ ಆದವೆಂದು ನಾವು ಹೇಳುತ್ತಿಲ್ಲ. ಸಂಸ್ಥೆಗಳು ಕೂಡಿದಲ್ಲೆಲ್ಲ ಏಳುವ ತಕರಾರುಗಳ ಸ್ವರೂಪವು ಇಂಥದೆಂಬುದನ್ನಷ್ಟೇ ತೋರಿಸುತ್ತಿದ್ದೇವೆ. ಅಮೇರಿಕೆಯಲ್ಲಿ ೨೦೧೩ರ ಡಿಸೆಂಬರದಲ್ಲಿ ಅಮೆರಿಕನ್ ಮತ್ತು ಯು. ಎಸ್. ಏರ್‌ವೇಸ್ ಸಂಸ್ಥೆಗಳು ಕೂಡಿದಾಗಲೂ ಇದೇ ಪ್ರಶ್ನೆ ಎದ್ದಿತು. ಒಂದು ಮನೆಯಲ್ಲಿ ಸೇವಾಹಿರಿತನಕ್ಕೆ ಮೊದಲ ಮಣೆ, ಇನ್ನೊಂದರಲ್ಲಿ ಮೊದಲು ಬಂದವನಿಗೆ. ಕೊನೆಗೆ ಎರಡನೆಯ ರೂಢಿಯೇ ನಿಂತಿತು, ಮೊದಲನೆಯ ಮನೆಯ ಹಿರಿಯರು ನೊಂದುಕೊಂಡರು.

ನಮ್ಮ ದೇಶದ ಇತಿಹಾಸವನ್ನು ನೋಡಿದರೆ ಈ ಪ್ರಶ್ನೆಯ ಮರ್ಮವು ಇನ್ನಷ್ಟು ಸ್ಪಷ್ಟವಾಗುವದು. ೧೯೩೨ರ ಅಕ್ಟೋಬರ ೧೫ರಂದು ಜೆ. ಆರ್. ಡಿ. ಟಾಟಾರವರು ಕರಾಚಿಯಿಂದ ಮುಂಬಯಿಗೆ ಟಪಾಲಿನ ವಿಮಾನವನ್ನು ಹಾರಿಸಿ ತಂದರು; ಅಲ್ಲಿಂದ ಮುಂದೆ ಅವರ ಜೊತೆಗಾರ ನೆವಿಲ್ ವಿನ್ಸೆಂಟರು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಟಪಾಲನ್ನು ಮುಟ್ಟಿಸಿದರು. ಆ ಉದ್ಯಮವೂ ಅದರಂಥ ಇತರ ಖಾಸಗಿ ಕಂಪನಿಗಳೂ ೧೯೫೩ರಲ್ಲಿ ರಾಷ್ಟ್ರೀಕರಣ ಹೊಂದಿ, ಇಂಡಿಯನ್ ಏರ್‌ಲೈನ್ಸ್, ಏರ್ ಇಂಡಿಯಾ ಇಂಟರ್‌ನ್ಯಾಶನಲ್ ಎಂಬ ಎರಡು ನಿಗಮಗಳಾದವು. ಆಗ ಮಾಡಿದ ಕಾಯದೆಯು, ಹಳೆಯ ಕಂಪನಿಗಳಿಂದ ಬಂದ ನೌಕರರು ಮೊದಲಿನ ಸಂಬಳ, ಮೊದಲಿನ ಷರತ್ತು, ಮೊದಲಿನ ಹಕ್ಕುಗಳೊಡನೆಯೇ ಹೊಸ ನಿಗಮಕ್ಕೆ ಬರತಕ್ಕದ್ದೆಂದು ವಿಧಿಸಿತು. ೧೯೯೪ರಲ್ಲಿ ಆ ನಿಗಮಗಳನ್ನು ಕಂಪನಿಗಳನ್ನಾಗಿ ಮಾಡಿದಾಗ ಕಾಯದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಉಳಿಸಿಕೊಡಬೇಕಾದ ಹಕ್ಕುಗಳನ್ನು ಎಣಿಸುವಾಗ ರಜೆ, ವಿಮೆ, ಭವಿಷ್ಯನಿಧಿ, ಪೆನ್ಶನ್, ಗ್ರಾಚುಯಿಟಿ ಇವುಗಳ ಸಾಲಿನಲ್ಲಿಯೇ ‘ಪ್ಯಾಸೇಜ್’ ಎಂದರೆ ಪ್ರವಾಸದ ಸವಲತ್ತನ್ನೂ ಹೆಸರಿಸಿ ಬರೆಯಿತು. ಪಾಸು ಬರಿಯ ದಾಕ್ಷಿಣ್ಯವಾಗಿದ್ದರೆ ಸಂಸತ್ತು ಅದನ್ನು ಭವಿಷ್ಯನಿಧಿಯ ಮಗ್ಗುಲಿಗೆ ಕೂಡ್ರಿಸುತ್ತಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಅಲ್ಲಿಂದ ಮುಂದಿನ ಕಥೆಯು ಬೇರೆ. ೨೦೦೭ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್‌ಗಳನ್ನು ಒಂದುಗೂಡಿಸಿದರು. ಹೆಸರು ಒಂದಾಯಿತು, ಮನಸ್ಸುಗಳು ಒಂದಾಗಲಿಲ್ಲ. ಎರಡು ಕಡೆಯವರ ಪಗಾರ, ಬಡತಿ, ಭತ್ಯೆಗಳು ಬೇರೆಬೇರೆಯಾಗಿಯೇ ಉಳಿದವು. ೨೦೧೧ರ ವಸಂತದಲ್ಲಿ ಇಂಡಿಯನ್ ಏರ್‌ಲೈನ್ಸ್ ಕಡೆಯ ವೈಮಾನಿಕರು ಸಮಾನ ವೇತನಕ್ಕಾಗಿ ಮುಷ್ಕರ ಹೂಡಿದರು. ನ್ಯಾಯಮೂರ್ತಿ ಧರ್ಮಾಧಿಕಾರಿಯವರ ಸಮಿತಿಯು ನೌಕರವರ್ಗವನ್ನು ಒಂದುಗೂಡಿಸುವ ಬಗೆಯನ್ನು ವಿಚಾರಿಸಿ ವರದಿಯನ್ನು ಒಪ್ಪಿಸಿದ್ದು ೨೦೧೨ರಲ್ಲಿ, ಅಂದರೆ ಮದುವೆಯಾಗಿ ಐದು ವರ್ಷಗಳ ಮೇಲೆ. ಅದೇ ವರ್ಷ ಏರ್ ಇಂಡಿಯಾ ಕಡೆಯ ವೈಮಾನಿಕರು ಹೊಸ ಡ್ರೀಮ್‌ಲೈನರ್ ವಿಮಾನಗಳ ತರಬೇತಿಯಲ್ಲಿ ಎರಡನೆಯ ಕಡೆಯವರಿಗೂ ಪಾಲು ಕೊಟ್ಟದ್ದನ್ನು ವಿರೋಧಿಸಿ ೫೮ ದಿವಸ ಕೆಲಸಕ್ಕೆ ಬರಲಿಲ್ಲ. ಮನೆ ಕೂಡುವ ಮೊದಲು ಪಾಲುಗಳನ್ನು ಗೊತ್ತುಪಡಿಸದಿದ್ದರೆ ಕೂಡಿದ ಮೇಲೆ ಅಂಗಳದಲ್ಲಿ ಜಗಳವಾಗುವದು ತಪ್ಪದೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾಗಿಲ್ಲ.

೨೦೨೧ರ ಅಕ್ಟೋಬರದಲ್ಲಿ ಸರಕಾರವು ಏರ್ ಇಂಡಿಯಾವನ್ನು ೧೮,೦೦೦ ಕೋಟಿ ರೂಪಾಯಿಗಳ ಬೆಲೆಗೆ ಟಾಟಾ ಮನೆತನಕ್ಕೆ ಮಾರಲು ಒಪ್ಪಿತು. ೨೦೨೨ರ ಜನವರಿ ೨೭ರಂದು ಸಂಸ್ಥೆಯು ಹಸ್ತಾಂತರವಾಯಿತು. ಒಂದು ವರ್ಷದವರೆಗೆ ಯಾರನ್ನೂ ಕೆಲಸದಿಂದ ತೆಗೆಯಬಾರದೆಂದೂ ಭವಿಷ್ಯನಿಧಿ, ಗ್ರಾಚುಯಿಟಿಗಳು ಸುರಕ್ಷಿತವೆಂದೂ ಹೇಳಲಾಯಿತು. ಪ್ರವಾಸದ ಸವಲತ್ತಿನ ಮಾತು ಬಂದಾಗ ಮಾತ್ರ ಉದ್ದಿಮೆಯ ವಾಡಿಕೆಯನ್ನು ಅಳತೆಗೋಲಾಗಿ ಹಿಡಿಯಲಾಯಿತು. ೧೯೯೪ರಲ್ಲಿ ಕಾಯದೆಯ ಅಕ್ಷರವಾಗಿದ್ದದ್ದು ಹೀಗೆ ಇಪ್ಪತ್ತೇಳು ವರ್ಷಗಳಲ್ಲಿ ವಾಡಿಕೆಯ ಮಾತಾಯಿತು. ನೌಕರರ ಅಸಮಾಧಾನದ ಬೇರು ಇರುವದು ಇಲ್ಲಿಯೇ. ವಾಡಿಕೆಯು ಯಾರದು? ಹಳೆಯ ಸರಕಾರಿ ಸಂಸ್ಥೆಯದೋ, ಹೊಸ ಖಾಸಗಿ ಸಂಸ್ಥೆಗಳದೋ? ಅಳತೆಗೋಲನ್ನು ಹಿಡಿಯುವವನೇ ಅದರ ಉದ್ದವನ್ನು ಹೇಳುವದಾದರೆ ಅಳೆಯಿಸಿಕೊಳ್ಳುವವನಿಗೆ ನಂಬಿಗೆ ಎಲ್ಲಿಂದ ಬಂದೀತು?

೨೦೨೪ರಲ್ಲಿ ಕೂಡುವ ಕೆಲಸವು ಇನ್ನೂ ವೇಗವಾಗಿ ನಡೆಯಿತು. ಬೆಂಗಳೂರಿನಲ್ಲಿ ನೆಲೆಯೂರಿ ೨೦೧೪ರ ಜೂನ ೧೨ರಂದು ಗೋವೆಗೆ ಮೊದಲ ಹಾರಾಟ ಮಾಡಿದ್ದ ಏರ್ ಏಷಿಯಾ ಇಂಡಿಯಾ ಸಂಸ್ಥೆಯು, ಹೆಸರು ಬದಲಿಸಿಕೊಂಡು, ಅಕ್ಟೋಬರ ೧ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನಲ್ಲಿ ಸೇರಿಹೋಯಿತು. ನವೆಂಬರ ೧೨ರಂದು ವಿಸ್ತಾರಾ ಸಂಸ್ಥೆಯು ಏರ್ ಇಂಡಿಯಾದಲ್ಲಿ ಲೀನವಾಯಿತು. ನಾಲ್ಕು ಮನೆಗಳು ಎರಡಾದವು. ಇದರ ಪೂರ್ವದಲ್ಲಿಯೇ ಬಿರುಗಾಳಿಯ ಸೂಚನೆಗಳು ಕಂಡಿದ್ದವು. ಹೊಸ ಕರಾರಿನಲ್ಲಿ ಖಾತ್ರಿಯ ವೇತನದ ತಾಸುಗಳು ೭೦ರಿಂದ ೪೦ಕ್ಕೆ ಇಳಿದವೆಂದು ವಿಸ್ತಾರಾದ ವೈಮಾನಿಕರು ಅಸಮಾಧಾನಗೊಂಡು, ಅನೇಕರು ಅಸ್ವಾಸ್ಥ್ಯದ ಕಾರಣ ಹೇಳಿ ಕೆಲಸಕ್ಕೆ ಬಾರದ್ದರಿಂದ ಏಪ್ರಿಲದಲ್ಲಿ ಹಾರಾಟಗಳನ್ನು ಕಡಿಮೆ ಮಾಡಬೇಕಾಯಿತು. ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ಪರಿಚಾರಕವರ್ಗವು ಅದೇ ದಾರಿ ಹಿಡಿಯಿತು. ಸುಮಾರು ೨೫ ಜನರನ್ನು ವಜಾ ಮಾಡಲಾಯಿತು. ೯ನೆಯ ತಾರೀಖಿಗೆ ದಿಲ್ಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ರಾಜಿಯಾಗಿ ಅವರನ್ನು ಮರಳಿ ತೆಗೆದುಕೊಳ್ಳಲಾಯಿತು. ವರ್ಷದ ಕೊನೆಗೆ, ಪರವೂರಿನಲ್ಲಿ ತಂಗುವಾಗ ಪರಿಚಾರಕರಲ್ಲಿ ಬಹುಮಂದಿ ಒಂದು ಕೋಣೆಯಲ್ಲಿ ಇಬ್ಬರು ಇರತಕ್ಕದ್ದೆಂದು ಏರ್ ಇಂಡಿಯಾದಲ್ಲಿ ನಿಯಮವಾದಾಗ ಅವರ ಸಂಘವು ಕಾರ್ಮಿಕ ಮಂತ್ರಾಲಯಕ್ಕೆ ದೂರು ಕೊಟ್ಟಿತು. ಕೋಣೆ, ಪಾಸು, ತಾಸು ಇವೆಲ್ಲ ಬೇರೆಬೇರೆ ವಸ್ತುಗಳು. ಆದರೆ ನೋವು ಒಂದೇ: ನಿನ್ನೆಯವರೆಗೆ ನಮ್ಮದಾಗಿದ್ದದ್ದು ನಮ್ಮನ್ನು ಕೇಳದೆಯೇ ಇಂದು ನಮ್ಮದಲ್ಲವಾಯಿತು.

ಇನ್ನು ಮಾಲಿಕರ ಪಕ್ಷವನ್ನೂ ನ್ಯಾಯವಾಗಿ ನೋಡೋಣ. ಅವರ ವಾದವು ಹುರುಳಿಲ್ಲದ್ದಲ್ಲ. ನಾಲ್ಕು ಮನೆಗಳಿಂದ ಬಂದವರಿಗೆ ನಾಲ್ಕು ಬಗೆಯ ನಿಯಮಗಳನ್ನು ಎಂದೆಂದಿಗೂ ಇಟ್ಟುಕೊಂಡು ಕಾರಭಾರ ನಡೆಯಿಸಲಾಗದು. ಒಂದೇ ವಿಮಾನದಲ್ಲಿ ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬನ ತಾಯಿಗೆ ಪಾಸುಂಟು, ಇನ್ನೊಬ್ಬನ ತಾಯಿಗಿಲ್ಲ ಎಂದರೆ ಅದೂ ಅನ್ಯಾಯವೇ. ನಿಶ್ಚಿತ ಆಸನಗಳನ್ನು ಕೈಬಿಚ್ಚಿ ಹಂಚಿದರೆ ಹಣ ಕೊಟ್ಟ ಪ್ರವಾಸಿಕನಿಗೆ ಸ್ಥಳ ತಪ್ಪುವದು. ಎಲ್ಲಕ್ಕೂ ಮಿಗಿಲಾಗಿ, ಸಂಸ್ಥೆಯು ಬದುಕಿದರಷ್ಟೇ ಪಾಸಿಗೆ ಬೆಲೆ. ಇದನ್ನು ಕನ್ನಡಿಗರು ಕಣ್ಣಾರೆ ಕಂಡಿದ್ದೇವೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಸಂಸ್ಥೆಯು ೨೦೦೩ರ ಆಗಸ್ಟದಲ್ಲಿ ಸಾಮಾನ್ಯರನ್ನೂ ಆಕಾಶಕ್ಕೇರಿಸುವ ಹಂಬಲದಿಂದ ಹುಟ್ಟಿತು. ಹುಬ್ಬಳ್ಳಿಯನ್ನು ಬೆಂಗಳೂರಿಗೆ ಜೋಡಿಸಿದ ಹಾರಾಟವು ಅದರ ಆರಂಭಕಾಲದ್ದು. ೨೦೦೮ರಲ್ಲಿ ಅದು ಕಿಂಗ್‌ಫಿಶರ್ ಸಂಸ್ಥೆಯೊಡನೆ ಕೂಡಿತು. ೨೦೧೨ರ ಅಕ್ಟೋಬರದಲ್ಲಿ ಆ ಕೂಡಿದ ಮನೆಯ ವಿಮಾನಗಳೇ ನಿಂತುಹೋದವು. ನೌಕರರಿಗೆ ತಿಂಗಳುಗಟ್ಟಲೆ ಪಗಾರವಿಲ್ಲವಾಯಿತು. ಹಾರದ ವಿಮಾನದ ಪಾಸನ್ನು ಇಟ್ಟುಕೊಂಡು ಯಾರೇನು ಮಾಡಬೇಕು? ಆದುದರಿಂದ ಒಂದು ಅಕ್ಷರವನ್ನೂ ಬದಲಿಸಕೂಡದೆಂದು ಹಟ ಹಿಡಿಯುವದು ನೌಕರರಿಗೂ ಹಿತವಲ್ಲ.

ಆದರೆ ಇಷ್ಟನ್ನು ಒಪ್ಪಿದ ಮಾತ್ರಕ್ಕೆ ಮುಖ್ಯ ಪ್ರಶ್ನೆಯು ತೀರಲಿಲ್ಲ. ಸಮಮಾಡುವಾಗ ಏರಿಸಿ ಸಮಮಾಡುವರೋ, ಇಳಿಸಿ ಸಮಮಾಡುವರೋ? ಕೇಳಿ ಮಾಡುವರೋ, ಕೇಳದೆ ಮಾಡುವರೋ? ಈ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಸ್ವಂತದ ಅನುಭವವೇ ಇದೆ. ಹೊಸರಿತ್ತಿಯ ಗುದ್ಲೆಪ್ಪ ಹಳ್ಳಿಕೇರಿಯವರಂಥವರು ದುಡಿದ ಕರ್ನಾಟಕದ ಏಕೀಕರಣವು ೧೯೫೬ರ ನವೆಂಬರ ೧ರಂದು ಕೈಗೂಡಿದಾಗ, ಮುಂಬಯಿ, ಹೈದರಾಬಾದ, ಮದ್ರಾಸು, ಕೊಡಗು, ಹಳೆಯ ಮೈಸೂರು ಎಂಬ ಐದು ಆಡಳಿತಗಳ ನೌಕರರು ಒಂದೇ ಕಚೇರಿಯಲ್ಲಿ ಕುಳಿತರು. ಆಗ ಧಾರವಾಡ ಜಿಲ್ಲೆಯಲ್ಲಿದ್ದ ಹಾವೇರಿಯ ಗುಮಾಸ್ತನಿಗೂ ಮೈಸೂರಿನ ಗುಮಾಸ್ತನಿಗೂ ಯಾರು ಹಿರಿಯರೆಂಬ ತಕರಾರು ಬಂದೇ ಬಂದಿತು. ಹಿರಿತನದ ಯಾದಿಗಳ ಮೇಲಿನ ವ್ಯಾಜ್ಯಗಳು ನ್ಯಾಯಾಲಯಗಳಲ್ಲಿ ವರುಷಗಟ್ಟಲೆ ನಡೆದವು. ಅಂದು ನೌಕರರಿಗೆ ಒಂದು ಆಸರೆಯಿತ್ತು. ರಾಜ್ಯ ಪುನರ್ವಿಂಗಡಣೆಯ ಕಾಯದೆಯ ೧೧೫ನೆಯ ಕಲಮಿನಂತೆ, ಏಕೀಕರಣದ ಪೂರ್ವದಲ್ಲಿದ್ದ ಸೇವಾ ಷರತ್ತುಗಳನ್ನು ಕೇಂದ್ರ ಸರಕಾರದ ಪೂರ್ವಸಮ್ಮತಿಯಿಲ್ಲದೆ ನೌಕರನಿಗೆ ಹಾನಿಯಾಗುವಂತೆ ಬದಲಿಸಕೂಡದು. ಬದಲಾವಣೆಗೆ ಬಾಗಿಲು ತೆರೆದಿತ್ತು; ಆದರೆ ಬಾಗಿಲಲ್ಲಿ ಕಾವಲುಗಾರನಿದ್ದನು. ನಾಡಿನ ಏಕೀಕರಣಕ್ಕೆ ಬೇಕಾದ ನಿಯಮವು ಕಂಪನಿಗಳ ಏಕೀಕರಣಕ್ಕೆ ಬೇಡವೇಕೆ?

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಹಾವೇರಿಯ ರೈಲು ನಿಲ್ದಾಣಕ್ಕೆ ಹೋಗಿರಿ. ಮಹಾದೇವಪ್ಪ ಮೈಲಾರರ ಹೆಸರನ್ನು ಹೊತ್ತ ಆ ನಿಲ್ದಾಣದ ಹಳಿಗಳ ಒಡೆತನವು ಎಷ್ಟು ಸಲ ಬದಲಾಗಿದೆ! ಸದರ್ನ್ ಮರಾಠಾ ರೈಲ್ವೆಯು ೧೯೦೮ರಲ್ಲಿ ಮದ್ರಾಸ್ ರೈಲ್ವೆಯೊಡನೆ ಕೂಡಿ ಎಂ. ಎಸ್. ಎಂ. ಆಯಿತು; ೧೯೫೧ರಲ್ಲಿ ಅದು ದಕ್ಷಿಣ ರೈಲ್ವೆಯಲ್ಲಿ ಸೇರಿತು; ೨೦೦೩ರಿಂದ ಹುಬ್ಬಳ್ಳಿಯನ್ನು ಕೇಂದ್ರವಾಗುಳ್ಳ ನೈರುತ್ಯ ರೈಲ್ವೆಯು ಈ ಮಾರ್ಗವನ್ನು ನೋಡಿಕೊಳ್ಳುತ್ತಿದೆ. ಇಷ್ಟಾದರೂ ಹುಬ್ಬಳ್ಳಿಯ ಕಾರಖಾನೆಯ ಕೆಲಸಗಾರನು ತನ್ನ ಪಾಸು ಮುಂದಿನ ವರ್ಷ ಉಳಿದೀತೇ ಎಂದು ಚಿಂತಿಸುವದಿಲ್ಲ. ಏಕೆಂದರೆ ೧೯೮೬ರ ರೈಲ್ವೆ ನೌಕರರ ಪಾಸಿನ ನಿಯಮಾವಳಿಯಲ್ಲಿ ಯಾವ ದರ್ಜೆಯವನಿಗೆ ವರ್ಷಕ್ಕೆ ಎಷ್ಟು ಪಾಸು, ನಿವೃತ್ತನಾದ ಮೇಲೆ ಎಷ್ಟು ಎಂಬುದೆಲ್ಲ ಅಚ್ಚಾಗಿದೆ. ನೌಕರನ ವಿಧವೆಗೂ ಪಾಸಿನ ವ್ಯವಸ್ಥೆಯಿದೆ. ಅಚ್ಚಿನಲ್ಲಿದ್ದದ್ದು ಧಣಿ ಬದಲಾದರೂ ಉಳಿಯಿತು. ಬಾಯಿಮಾತಿನಲ್ಲಿದ್ದದ್ದು ಧಣಿಯೊಡನೆಯೇ ಹೋಯಿತು. ಈ ಪ್ರಶ್ನೆಯ ತಾತ್ಪರ್ಯವೆಲ್ಲ ಇಷ್ಟೇ.

ಕಾಯದೆಯಲ್ಲಿ ಇದಕ್ಕೆ ಆಧಾರವಿಲ್ಲವೆಂದಲ್ಲ. ೧೯೪೭ರ ಔದ್ಯೋಗಿಕ ವಿವಾದಗಳ ಕಾಯದೆಯು, ರೂಢಿಯಿಂದ ಬಂದ ರಿಯಾಯತಿ ಅಥವಾ ಸವಲತ್ತನ್ನು ಹಿಂದೆಗೆದುಕೊಳ್ಳುವ ಮುನ್ನ ಕೆಲಸಗಾರರಿಗೆ ೨೧ ದಿನಗಳ ಸೂಚನೆ ಕೊಡಬೇಕೆಂದು ವಿಧಿಸಿತ್ತು. ೨೦೨೫ರ ನವೆಂಬರ ೨೧ರಿಂದ ಅದರ ಸ್ಥಾನಕ್ಕೆ ಬಂದ ಔದ್ಯೋಗಿಕ ಸಂಬಂಧಗಳ ಸಂಹಿತೆಯಲ್ಲಿಯೂ ಸೂಚನೆಯ ತತ್ವವು ಉಳಿದಿದೆ. ಆದರೆ ಸೂಚನೆಯೆಂದರೆ ಸಮ್ಮತಿಯಲ್ಲ. ಅದೂ ಸೇವೆಯಲ್ಲಿರುವ ಕೆಲಸಗಾರನಿಗಷ್ಟೇ. ನಿವೃತ್ತನು ಯಾವ ಸಂಘದ ಬಲದಿಂದ ಮಾತಾಡಬೇಕು? ಮೂವತ್ತು ವರ್ಷ ದುಡಿದು, ಪಾಸನ್ನು ಮುಪ್ಪಿನ ಆಸರೆಯೆಂದು ಎಣಿಸಿದವನಿಗೆ ತನ್ನ ಶ್ರಮದ ಪಾಲನ್ನು ಕೊಟ್ಟಾಗಿದೆ, ಪ್ರತಿಫಲವಷ್ಟೇ ಬಾಕಿ. ಹೊಸದಾಗಿ ಸೇರುವವನು ಹೊಸ ನಿಯಮವನ್ನು ಓದಿ ಸೇರಲಿ, ಬಿಡಲಿ. ನಿವೃತ್ತನಿಗೆ ಆ ಆಯ್ಕೆ ಇಲ್ಲ.

ಆದುದರಿಂದ ಸಂಸ್ಥೆಗಳ ಚಾಲಕರಿಗೂ, ಇಂಥ ಕೂಡಿಕೆಗಳಿಗೆ ಅನುಮತಿ ಕೊಡುವ ಅಧಿಕಾರಿಗಳಿಗೂ ನಾವು ಮೂರು ಮಾತುಗಳನ್ನು ಹೇಳಬಯಸುತ್ತೇವೆ. ಒಂದು, ಪ್ರವಾಸದ ಸವಲತ್ತನ್ನು ೧೯೯೪ರ ಕಾಯದೆಯ ಮಾದರಿಯಲ್ಲಿ ಕೂಡಿಕೆಯ ಕರಾರಿನಲ್ಲಿಯೇ ಹೆಸರಿಸಿ ಬರೆಯಬೇಕು. ಎರಡು, ನಿಯಮಗಳನ್ನು ಸಮಗೊಳಿಸುವದು ಅನಿವಾರ್ಯವಾದಲ್ಲಿ ಆಯಾ ಮನೆಯ ನೌಕರರ ಪ್ರತಿನಿಧಿಗಳನ್ನು ಕೂಡ್ರಿಸಿಕೊಂಡು ಸಮಗೊಳಿಸಬೇಕು. ಯಾರಿಗೆ ಏನು ತಪ್ಪುವದೋ ಅದಕ್ಕೆ ತಕ್ಕ ಬದಲನ್ನು ಕೊಡಬೇಕು. ಮೂರು, ಈಗಾಗಲೇ ನಿವೃತ್ತರಾದವರ ಮತ್ತು ನಿವೃತ್ತಿಯ ಹೊಸ್ತಿಲಲ್ಲಿರುವವರ ಸವಲತ್ತನ್ನು ಮುಟ್ಟಬಾರದು. ಇವುಗಳಲ್ಲಿ ಒಂದಾದರೂ ಸಂಸ್ಥೆಯನ್ನು ಮುಳುಗಿಸುವಷ್ಟು ಭಾರವಾದದ್ದೆಂದು ನಮಗೆ ತೋರುವದಿಲ್ಲ. ನೌಕರರಿಗೂ ಒಂದು ಮಾತು: ಒಬ್ಬೊಬ್ಬರಾಗಿ ಅಸ್ವಾಸ್ಥ್ಯದ ನೆಪ ಹೇಳಿ ಮನೆಯಲ್ಲುಳಿದರೆ ತೊಂದರೆಯಾಗುವದು ನಿಲ್ದಾಣದಲ್ಲಿ ಸಿಕ್ಕಿಬಿದ್ದ ಬಡ ಪ್ರವಾಸಿಕನಿಗೆ, ಅವನ ಸಹಾನುಭೂತಿಯನ್ನು ಕಳೆದುಕೊಂಡ ಹೋರಾಟವು ಅರ್ಧ ಸೋತಂತೆಯೇ. ನ್ಯಾಯವಿದ್ದವರು ಬಹಿರಂಗವಾಗಿ, ಸಂಘದ ಮೂಲಕ, ಕಾಗದದ ಮೇಲೆ ಕೇಳಬೇಕು.

ಉಂಡ ಮನೆಯ ಜಂತೆಯನ್ನು ಎಣಿಸಬಾರದೆಂದು ನಮ್ಮ ಹಿರಿಯರು ಹೇಳಿದರು. ನೌಕರರು ಪಾಸಿನ ಮಾತೆತ್ತಿದಾಗ ಈ ಗಾದೆಯನ್ನು ಅವರ ಮೇಲೆ ಎಸೆಯುವವರೂ ಉಂಟು. ಆದರೆ ಆ ಗಾದೆಯು ಅತಿಥಿಗೆ ಹೇಳಿದ್ದು. ಜಂತೆಯನ್ನು ಕಡಿದು, ಕೆತ್ತಿ, ಹೆಗಲ ಮೇಲೆ ಹೊತ್ತು ತಂದು ಏರಿಸಿದ ಬಡಿಗನಿಗೆ ಹೇಳಿದ್ದಲ್ಲ. ಅವನು ಸುಗ್ಗಿಯ ದಿನ ಕಣದ ಅಂಚಿನಲ್ಲಿ ಬಂದು ನಿಂತರೆ ಅವನನ್ನು ಯಾಚಕನೆಂದು ಕರೆಯುವ ರೂಢಿ ನಮ್ಮ ಊರುಗಳಲ್ಲಿರಲಿಲ್ಲ.